ಎತ್ತಿನ ಜೊತೆ ಕೋಣ ಕಟ್ಟಿದ ಕಥೆ: ಹಳೇ ಹೈಬ್ರಿಡ್ ಕಾರಿಗೆ ಹೊಸ ಬ್ಯಾಟರಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡ ದಿನ ಇಬ್ಬರ ಹತ್ತಿರ ಮಾತಾಡಿದೆ. ಒಬ್ಬ ಇಲ್ಲಿ ನನ್ನ ಜೊತೆ ಕೆಲಸ ಮಾಡುವವನು. ಇನ್ನೊಬ್ಬ ಊರಲ್ಲಿರುವ ನನ್ನ ಅಣ್ಣ.

ಜೊತೆಗಾರ ಒಂದೇ ಮಾತಿನಲ್ಲಿ ಮುಗಿಸಿದ. ಹಳೇ ಕಾರು, ಬ್ಯಾಟರಿ ಹೋಗಿದೆ, ಗುಜರಿಗೆ ಹಾಕು, ಬೇರೆ ತಗೋ. ಅಣ್ಣನಿಗೆ ಫೋನ್ ಮಾಡಿದರೆ ಅವನು ಮೊದಲು ಕೇಳಿದ್ದೇ, "ಒಳಗೆ ಎಷ್ಟು ಪೀಸ್ ಇವೆಯೋ?"

"ಇಪ್ಪತ್ತೆಂಟು ಅಣ್ಣ."

"ಎಷ್ಟು ಹೋಗಿದೆ?"

"ಒಂದೋ ಎರಡೋ ಇರಬೇಕು."

"ಮತ್ತೆ? ಹೋಗಿದ್ದನ್ನ ತೆಗೆದು ಬೇರೆ ಹಾಕು. ಒಂದು ಹಲ್ಲು ನೋವಾದ್ರೆ ಇಡೀ ದವಡೆ ಕೀಳಿಸ್ತಾರೇನೋ?"

ಕರ್ನಾಟಕ ಬಿಟ್ಟು ಹದಿನಾರು ವರ್ಷ ಆದರೂ ನನ್ನ ಬುದ್ಧಿ ಅಣ್ಣನ ಕಡೆಗೇ ವಾಲುತ್ತದೆ. ಯಾವುದು ಕೆಟ್ಟರೂ ಮೊದಲು ಸ್ಕ್ರೂಡ್ರೈವರ್ ಹುಡುಕುವ ಮನೆಯಲ್ಲಿ ಬೆಳೆದವರು ನಾವು. ಇಲ್ಲಿನವರು ಕೆಟ್ಟ ವಸ್ತುವಿನ ಮುಚ್ಚಳ ಬಿಚ್ಚುವುದಕ್ಕಿಂತ ಹೊಸದರ ಪೆಟ್ಟಿಗೆ ಬಿಚ್ಚುವುದೇ ಜಾಸ್ತಿ ಅಂತ ಒಳಗೊಳಗೇ ನಗುತ್ತಿದ್ದವನು ನಾನು. ಹಾಗಾಗಿ ಜೊತೆಗಾರನ ಮಾತು ಗಾಳಿಗೆ ಬಿಟ್ಟೆ, ಅಣ್ಣನ ಮಾತು ಹಿಡಿದೆ. ಆ ತಪ್ಪಿನಿಂದ ಒಂದು ವರ್ಷ ಪೂರ್ತಿ ಡಿಕ್ಕಿಯೊಳಗೆ ತಲೆ ಹಾಕಿಕೊಂಡು ಕಳೆದೆ.

ನನ್ನದು 2008ರ ಟೊಯೋಟಾ ಪ್ರಿಯಸ್, ಎರಡನೇ ತಲೆಮಾರಿನದು. ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಹೈಬ್ರಿಡ್ ಕಾರು. ನಾನು ಕೊಂಡಾಗಲೇ ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡಂತೆ ಅದರ ದೊಡ್ಡ ಬ್ಯಾಟರಿ ಇದೆ. ಎಲ್ಲಾ ಸೇರಿ ಸುಮಾರು 40 ಕೆಜಿ ತೂಕ. ಒಳಗೆ ಪುಸ್ತಕಗಳನ್ನು ಒತ್ತಿ ಜೋಡಿಸಿದ ಹಾಗೆ 28 ಮಾಡ್ಯೂಲ್. ಒಂದೊಂದರಲ್ಲೂ 1.2 ವೋಲ್ಟಿನ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಅಂದರೆ ಮಾಡ್ಯೂಲಿಗೆ 7.2 ವೋಲ್ಟ್, ಒಟ್ಟು 201.6 ವೋಲ್ಟ್. ಇಷ್ಟೆಲ್ಲ ಇದ್ದರೂ ಅದರಲ್ಲಿ ಹಿಡಿಯುವುದು 1.3 ಯೂನಿಟ್ ಕರೆಂಟ್ ಮಾತ್ರ. ಅದನ್ನೂ ಕಾರು ಪೂರ್ತಿ ಬಳಸುವುದಿಲ್ಲ. 40 ಪರ್ಸೆಂಟಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, 80 ದಾಟಲೂ ಬಿಡುವುದಿಲ್ಲ. ಹೊಟ್ಟೆ ತುಂಬಿಸದೆ, ಉಪವಾಸವನ್ನೂ ಹಾಕದೆ ಸಾಕುವ ಈ ಉಪಾಯದಿಂದಲೇ ಇಷ್ಟು ಪುಟ್ಟ ಬ್ಯಾಟರಿ ಎಷ್ಟೋ ವರ್ಷ ಬಾಳುತ್ತದೆ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0ಎ80. ಹೈಬ್ರಿಡ್ ಕಾರು ಇಟ್ಟುಕೊಂಡವರಿಗೆ ಇದು ಗೊತ್ತಿರುವ ನಂಬರ್. ಬ್ಯಾಟರಿ ಪ್ಯಾಕ್ ಬದಲಾಯಿಸಿ ಅಂತ ಅದರ ಅರ್ಥ. ಜೊತೆಯಲ್ಲೇ ಪಿ3018 ಅಂತ ಇನ್ನೊಂದು. ಈ ಕಾರಿನ ಕಂಪ್ಯೂಟರ್ 28 ಮಾಡ್ಯೂಲ್‌ಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಎರಡೆರಡರ 14 ಜೋಡಿಯಾಗಿ ನೋಡುತ್ತದೆ. ಪಿ3011 ಅಂದರೆ ಮೊದಲ ಜೋಡಿ, ಪಿ3024 ಅಂದರೆ ಕೊನೆಯದು. ನನ್ನದು ಎಂಟನೇ ಜೋಡಿ, ಸರಿಯಾಗಿ ನಡುಮಧ್ಯ. ನಡುವಿನವೇ ಮೊದಲು ಸಾಯುವುದು ಹೆಚ್ಚು, ಯಾಕೆಂದರೆ ಶಾಖ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ತೆಗೆದು ಮಲ್ಟಿಮೀಟರ್ ಹಿಡಿದೆ. ಉಳಿದವೆಲ್ಲ 7.8 ವೋಲ್ಟಿನ ಆಸುಪಾಸು, ಒಂದು ಮಾತ್ರ 6.6. ಲೆಕ್ಕ ಬೆರಳ ತುದಿಯಲ್ಲೇ ಇತ್ತು: ಆರು ಸೆಲ್‌ನಲ್ಲಿ ಒಂದು ಸತ್ತಿದೆ, 1.2 ವೋಲ್ಟ್ ಕಡಿಮೆ. ಒಂದು ಹಳೇ ಮಾಡ್ಯೂಲ್ ತಂದು ಆ ಜಾಗಕ್ಕೆ ಸೇರಿಸಿದೆ. ದೀಪ ಆರಿತು. ಅಣ್ಣನಿಗೆ ಫೋಟೋ ಕಳಿಸಿದೆ. ಜೊತೆಗಾರನಿಗೂ ತೋರಿಸಿದೆ, ಸ್ವಲ್ಪ ಜಂಬದಿಂದಲೇ.

ಏಳು ತಿಂಗಳಿಗೆ ಮತ್ತೆ ತ್ರಿಕೋನ. ಈ ಸಲ ಆರನೇ ಜೋಡಿ. ಅದನ್ನೂ ಬದಲಾಯಿಸಿದೆ. ನಾಲ್ಕು ತಿಂಗಳಿಗೆ ಒಂಬತ್ತನೆಯದು.

ಮೂರನೇ ಸಲ ಸೀಟು ಬಿಚ್ಚುವಾಗ ಒಂದು ಗಾದೆ ನೆನಪಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಮಾಡುತ್ತಿದ್ದದ್ದು ಅದನ್ನೇ. ಇಪ್ಪತ್ತೇಳು ಮುದಿ ಎತ್ತುಗಳ ಸಾಲಿಗೆ ಊರು ಕೇರಿ ಗೊತ್ತಿಲ್ಲದ ಒಂದು ಕೋಣ ತಂದು ಕಟ್ಟುವುದು.

ಇಲ್ಲೇ ಅಣ್ಣನ ಹಲ್ಲಿನ ಹೋಲಿಕೆ ದಾರಿ ತಪ್ಪಿಸುತ್ತದೆ. ಬಾಯಲ್ಲಿ ಒಂದು ಹಲ್ಲು ಹೋದರೆ ಪಕ್ಕದ ಹಲ್ಲು ತನ್ನ ಪಾಡಿಗೆ ಅಗಿಯುತ್ತದೆ. ಬ್ಯಾಟರಿ ಪ್ಯಾಕಿನಲ್ಲಿ ಎಲ್ಲವೂ ಒಂದರ ಹಿಂದೊಂದು ಸಾಲಾಗಿ ಕೂಡಿವೆ. ಒಂದರಲ್ಲಿ ಹರಿದಷ್ಟೇ ಕರೆಂಟ್ ಎಲ್ಲದರಲ್ಲೂ ಹರಿಯಬೇಕು. ನೀವು ಆಕ್ಸಿಲರೇಟರ್ ಒತ್ತಿದಾಗ 100 ಆಂಪಿಯರ್ ಹತ್ತಿರ ಹರಿಯಬಹುದು. ಬಲಹೀನ ಸೆಲ್ ಬೇಗ ಬರಿದಾಗುತ್ತದೆ. ಆದರೂ ಉಳಿದವು ಅದರ ಮೂಲಕವೇ ಕರೆಂಟ್ ತಳ್ಳುತ್ತವೆ. ಆಗ ಅದರ ಪ್ಲಸ್ ಮೈನಸ್ ತಿರುಗಿ ಬೀಳುತ್ತದೆ, ಒಳಗೆ ಗ್ಯಾಸ್ ಹುಟ್ಟುತ್ತದೆ, ಮಾಡ್ಯೂಲ್ ಉಬ್ಬುತ್ತದೆ. ಇನ್ನು ಹೊಸದಾಗಿ ಸೇರಿಸಿದ್ದು ಉಳಿದವಕ್ಕಿಂತ ಗಟ್ಟಿಯಾಗಿದ್ದರೂ ಲಾಭ ಇಲ್ಲ. ಪ್ಯಾಕಿನ ಶಕ್ತಿ ಅಂದರೆ ಅದರಲ್ಲಿರುವ ಅತಿ ಸೊರಗಿದ ಮಾಡ್ಯೂಲಿನ ಶಕ್ತಿ, ಅಷ್ಟೇ. ಸುಮ್ಮನೆ ನಿಲ್ಲಿಸಿದಾಗಲೂ ಒಂದೊಂದು ಒಂದೊಂದು ವೇಗದಲ್ಲಿ ಚಾರ್ಜ್ ಕಳೆದುಕೊಳ್ಳುತ್ತದೆ. ಅವನ್ನು ಮತ್ತೆ ಸಮ ಮಾಡುವ ಏರ್ಪಾಡು ಈ ಕಾರಿನಲ್ಲಿ ಇಲ್ಲ. ದಿನ ಕಳೆದಂತೆ ಅಂತರ ಬೆಳೆಯುತ್ತಾ ಹೋಗುತ್ತದೆ.

ಮತ್ತೊಂದು ವಿಷಯ ನನಗೆ ತಡವಾಗಿ ಹೊಳೆಯಿತು. 28 ಮಾಡ್ಯೂಲ್‌ಗಳೂ ಒಂದೇ ದಿನ ಕಾರಿಗೆ ಬಂದವು, ಒಂದೇ ಬಿಸಿಲು ಕಂಡವು, ಒಂದೇ ದೂರ ಓಡಿದವು. ಒಂದು ಸತ್ತಿತು ಅಂದರೆ ಉಳಿದವು ಆರೋಗ್ಯವಾಗಿವೆ ಅಂತ ಅಲ್ಲ. ಸರದಿಯಲ್ಲಿ ನಿಂತಿವೆ ಅಂತ.

ಅದಕ್ಕೇ ಹಳೇದನ್ನು ಸರಿಮಾಡಿ "ರಿಫರ್ಬಿಶ್ಡ್" ಅಂತ ಮಾರುವ ಪ್ಯಾಕ್‌ಗಳ ಬಗ್ಗೆ ನನಗೆ ಈಗ ಅನುಮಾನ ಜಾಸ್ತಿ. ನಾನೂ ಒಂದು ನೋಡಲು ಹೋಗಿದ್ದೆ. ಹೊರಗೆ ಥಳಥಳ ಅನ್ನುತ್ತಿತ್ತು. ಮುಚ್ಚಳ ತೆಗೆಸಿ ನೋಡಿದರೆ ಮಾಡ್ಯೂಲ್‌ಗಳ ಮೇಲೆ ಐದು ಬೇರೆ ಬೇರೆ ಸರಣಿಯ ನಂಬರ್. ಐದು ಸತ್ತ ಕಾರುಗಳಿಂದ ಕಿತ್ತು ಕಟ್ಟಿದ ಗೊಂಚಲು. ಎಲ್ಲವನ್ನೂ ಟೆಸ್ಟ್ ಮಾಡಿದ್ದೇವೆ ಸಾರ್ ಅನ್ನೋ ಧಾಟಿಯಲ್ಲಿ ಅಂಗಡಿಯವರು ಮಾತಾಡಿದರು. ಹೇಗೆ ಟೆಸ್ಟ್ ಮಾಡಿದಿರಿ ಅಂತ ಕೇಳಿದರೆ, ವೋಲ್ಟೇಜ್ ನೋಡಿದ್ದೇವೆ ಅಂದರು.

ವೋಲ್ಟೇಜ್ ನೋಡಿದರೆ ಏನೂ ನೋಡಿದಂತಲ್ಲ. ಸುಮ್ಮನೆ ಕೂತ ಮಾಡ್ಯೂಲ್ ಎಷ್ಟೇ ಸೊರಗಿದ್ದರೂ 7.8 ತೋರಿಸಬಹುದು. ಅದರ ಮೇಲೆ ಹೊರೆ ಹೊರಿಸಿ ನೋಡಬೇಕು. 55 ವಾಟಿನ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸಿ ಎರಡು ನಿಮಿಷ ಉರಿಸಿದರೆ ಸಾಕು, ಬಣ್ಣ ಬಯಲಾಗುತ್ತದೆ. ಗಟ್ಟಿ ಮಾಡ್ಯೂಲ್ ಸ್ವಲ್ಪ ಬಗ್ಗಿ ನಿಲ್ಲುತ್ತದೆ, ಸೊರಗಿದ್ದು ಕುಸಿಯುತ್ತಲೇ ಹೋಗುತ್ತದೆ. ಇನ್ನೂ ಸರಿಯಾದ ದಾರಿ ಅಂದರೆ ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ ಎಷ್ಟು ಹಿಡಿಯಿತು ಅಂತ ಅಳೆಯುವುದು. ಹೊಸದಾಗಿದ್ದಾಗ 6.5 ಆಂಪಿಯರ್ ಅವರ್. ಆಮೇಲೆ ಒಂದೆರಡು ವಾರ ಹಾಗೇ ಬಿಟ್ಟು ಚಾರ್ಜ್ ಎಷ್ಟು ಸೋರಿದೆ ಅಂತ ಮತ್ತೆ ನೋಡುವುದು. 28 ಮಾಡ್ಯೂಲಿಗೂ ಇದನ್ನು ಮಾಡಿ, ಸರಿಹೊಂದುವವನ್ನೇ ಆರಿಸಿ ಜೋಡಿಸುವಷ್ಟು ತಾಳ್ಮೆ ಇರುವವರು ಸಿಕ್ಕರೆ ಅವರ ಪ್ಯಾಕ್ ಕೊಳ್ಳಬಹುದು. ಬರೆದಿಟ್ಟ ಅಂಕಿಗಳನ್ನು ತೋರಿಸಿ ಅಂತ ಕೇಳಿ. ನಿಜವಾಗಿ ಮಾಡಿದವರು ಖುಷಿಯಿಂದ ತೋರಿಸುತ್ತಾರೆ.

ಹೀಗೆ ತುಂಬಿಸಿ ಖಾಲಿ ಮಾಡುವುದನ್ನು ಮೂರು ನಾಲ್ಕು ಸಲ ಮಾಡಿದರೆ ಹಳೇ ಮಾಡ್ಯೂಲಿಗೆ ಸ್ವಲ್ಪ ಜೀವ ಬರುತ್ತದೆ, ಅದು ಸುಳ್ಳಲ್ಲ. ಯಾವಾಗಲೂ ಅರ್ಧ ಚಾರ್ಜಿನಲ್ಲೇ ಓಡಿ ಜಡ್ಡುಗಟ್ಟಿದ್ದು ಬಿಡುತ್ತದೆ. ಆದರೆ ಒಳಗಿನ ದ್ರವ ಒಣಗಿದ್ದರೆ, ಲೋಹ ಸವೆದಿದ್ದರೆ ಅದು ವಾಪಸ್ ಬರುವುದಿಲ್ಲ. ಮಾರುವವರು ಈ ಎರಡನ್ನೂ ಒಂದೇ ಬಾಯಲ್ಲಿ "ರೀಕಂಡೀಶನ್" ಅನ್ನುತ್ತಾರೆ.

ವಾರಂಟಿ ಮಾತು ಬಂದಾಗ ನಾವು ಭಾರತದವರು ವರ್ಷ ಎಣಿಸುತ್ತೇವೆ. ಮೂರು ವರ್ಷ ಅಂದರೆ ಎರಡಕ್ಕಿಂತ ಒಳ್ಳೇದು ಅಂತ. ನಾನೂ ಹಾಗೇ ಎಣಿಸಿದವನು. ವಾರಂಟಿ ಎಂದರೆ ಬ್ಯಾಟರಿ ಅಷ್ಟು ದಿನ ಬಾಳುತ್ತದೆ ಅಂತ ಅಲ್ಲವೇ ಅಲ್ಲ. ಕೆಟ್ಟಾಗಲೆಲ್ಲ ಅವರು ಇನ್ನೊಂದು ಹಳೇ ಮಾಡ್ಯೂಲ್ ಹಾಕಿಕೊಡುತ್ತಾರೆ ಅಂತ ಅಷ್ಟೇ. ಪ್ರತಿ ಸಲವೂ ಕಾರು ನಿಂತ ಜಾಗದಿಂದ ಎಳೆಸಿಕೊಂಡು ಹೋಗುವವರು ಯಾರು? ಬಿಚ್ಚಿ ಹಾಕುವ ಕೂಲಿ ಯಾರದ್ದು? ಕಾರು ಮಾರಿದರೆ ವಾರಂಟಿ ಹೊಸ ಮಾಲೀಕನಿಗೆ ಹೋಗುತ್ತದಾ? ವರ್ಷದ ಲೆಕ್ಕಕ್ಕಿಂತ ಮೊದಲು ಈ ಮೂರನ್ನು ಕೇಳಬೇಕು.

ಇನ್ನೊಂದು ದಾರಿ, ಅಪಘಾತವಾದ ಕಾರಿನಿಂದ ತೆಗೆದ ಇಡೀ ಪ್ಯಾಕ್. ತೇಪೆ ಹಾಕಿದ ರಿಫರ್ಬಿಶ್ಡ್‌ಗಿಂತ ಇದು ನನಗೆ ಮೇಲು ಅನಿಸುತ್ತದೆ. ಕನಿಷ್ಠ 28 ಮಾಡ್ಯೂಲ್‌ಗಳೂ ಒಂದೇ ಮನೆಯಲ್ಲಿ ಬೆಳೆದವು. 2010ರ ಮಾಡೆಲ್‌ನಿಂದ ಶುರುವಾದ ಮೂರನೇ ತಲೆಮಾರಿನ ಪ್ರಿಯಸ್‌ನಲ್ಲೂ ಅಷ್ಟೇ ಮಾಡ್ಯೂಲ್, ಅಷ್ಟೇ ವೋಲ್ಟ್. ಹಾಗಾಗಿ ಅದರ ಮಾಡ್ಯೂಲ್‌ಗಳನ್ನು ಹಳೇ ಪ್ಯಾಕಿನ ಪೆಟ್ಟಿಗೆಯಲ್ಲಿ ಜೋಡಿಸುವವರು ಬಹಳ ಜನ. ಆದರೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಮಾತ್ರ ಕೇಳಬೇಡಿ. ಯಾವ ವರ್ಷದ ಕಾರು, ಗುಜರಿ ಅಂಗಳದಲ್ಲಿ ಎಷ್ಟು ತಿಂಗಳು ಬಿದ್ದಿತ್ತು ಅಂತ ಕೇಳಿ. ಓಡದೆ ನಿಂತ ಬ್ಯಾಟರಿಯೂ ಮುದಿಯಾಗುತ್ತದೆ.

ಹೊಸದು ಅಂದರೂ ಎರಡು ಬಗೆ. ಕಾರು ಕಂಪನಿಯದ್ದೇ ಹೊಸ ಪ್ಯಾಕ್ ಒಂದು. ಬೇರೆಯವರು ತಯಾರಿಸಿದ ಹೊಸ ಸೆಲ್‌ಗಳ ಪ್ಯಾಕ್ ಇನ್ನೊಂದು. ಹೊರಗಿನವರಲ್ಲಿ ಕೆಲವರು ಕಂಪನಿಯ ಹಾಗೇ ಚಪ್ಪಟೆ ಮಾಡ್ಯೂಲ್ ಮಾಡುತ್ತಾರೆ, ಕೆಲವರು ಟಾರ್ಚಿನ ಸೆಲ್ಲಿನಂಥ ಉರುಟು ಸೆಲ್‌ಗಳನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂಡಿಸುತ್ತಾರೆ. ಉರುಟು ಅಂದರೆ ಕಳಪೆ ಅಂತ ಮೂಗು ಮುರಿಯಬೇಕಿಲ್ಲ. 1997ರ ಕೊನೆಗೆ ಜಪಾನಿನಲ್ಲಿ ಬಂದ ಮೊಟ್ಟಮೊದಲ ಪ್ರಿಯಸ್‌ನಲ್ಲಿ ಇದ್ದದ್ದು ಉರುಟು ಸೆಲ್‌ಗಳೇ, 240. ಹೋಂಡಾದ ಮೊದಲ ಇನ್‌ಸೈಟ್‌ನಲ್ಲೂ ಅಂಥವೇ 120. ಮೇಲೆ ಎಷ್ಟು ದೊಡ್ಡ ಆಂಪಿಯರ್ ಅವರ್ ಸಂಖ್ಯೆ ಬರೆದಿದ್ದಾರೆ ಅನ್ನುವುದಕ್ಕೆ ಮಾತ್ರ ಮರುಳಾಗಬಾರದು. ಹೈಬ್ರಿಡ್‌ಗೆ ಬೇಕಾದದ್ದು ದೊಡ್ಡ ಕಣಜ ಅಲ್ಲ, ಅಗಲವಾದ ಬಾಗಿಲು. ಒಂದೇ ಏಟಿಗೆ ತುಂಬಾ ಕರೆಂಟ್ ಕೊಡಬೇಕು, ಬ್ರೇಕ್ ಹಾಕಿದಾಗ ತುಂಬಾ ತಗೊಳ್ಳಬೇಕು. ಒಳಗಿನ ತಡೆ ಜಾಸ್ತಿ ಇದ್ದರೆ ಅದೆಲ್ಲ ಬಿಸಿಯಾಗಿ ಹೋಗುತ್ತದೆ. ತಯಾರಾದ ತಾರೀಖನ್ನೂ ನೋಡಬೇಕು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ "ಹೊಸ" ಬ್ಯಾಟರಿ ಹೊಸದಲ್ಲ.

ಲಿಥಿಯಂ? ಆಸೆ ಬಹಳ ಇತ್ತು. ಈಗ ಹಳೇ ಹೈಬ್ರಿಡ್‌ಗಳಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಕಿಟ್ ಸಿಗುತ್ತವೆ. ತೂಕ ಕಡಿಮೆ, ಬಿಸಿ ಕಡಿಮೆ. ಆದರೆ ನನ್ನ ಕಾರಿನ ಕಂಪ್ಯೂಟರ್ ನಿಕಲ್ ಬ್ಯಾಟರಿಯ ನಡವಳಿಕೆಯನ್ನೇ ಓದಿಕೊಂಡು ಬೆಳೆದದ್ದು. ಐರನ್ ಫಾಸ್ಫೇಟ್ ಸೆಲ್ 3.2 ವೋಲ್ಟ್. ಚಾರ್ಜ್ ಅರ್ಧ ಇದ್ದರೂ ಮುಕ್ಕಾಲು ಇದ್ದರೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ತೋರಿಸುವ ಗುಣ ಅದಕ್ಕೆ. ನಡುವೆ ಕೂತ ಸಣ್ಣ ಸರ್ಕ್ಯೂಟ್ ಬೋರ್ಡ್ ಸೆಲ್‌ಗಳನ್ನೂ ಕಾಯಬೇಕು, ಹಳೇ ಕಂಪ್ಯೂಟರನ್ನೂ ಒಪ್ಪಿಸಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಈ ಸೆಲ್‌ಗಳನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಗಟ್ಟಿಕಟ್ಟಿ ಹಾಳಾಗುತ್ತವೆ. ಬೋರ್ಡ್ ಚೆನ್ನಾಗಿದ್ದರೆ ಎಲ್ಲ ಚೆನ್ನ. ನನ್ನ ಹಳೇ ಕಾರಿನಲ್ಲಿ ಇನ್ನೊಬ್ಬ ದುಭಾಷಿಯನ್ನು ಕೂರಿಸಲು ಧೈರ್ಯ ಬರಲಿಲ್ಲ. ಕಾರ್ಖಾನೆಯಲ್ಲೇ ಲಿಥಿಯಂ ಹಾಕಿಕೊಂಡು ಬಂದ ಕಾರುಗಳ ಮಾತು ಬೇರೆ.

ಆದರೆ ಬ್ಯಾಟರಿ ಆರಿಸುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದೆ. ಅದರಲ್ಲಿ ಅಣ್ಣನ ಬಿಚ್ಚಿ ನೋಡುವ ಬುದ್ಧಿಯೇ ಗೆಲ್ಲುತ್ತದೆ. ಹಿಂದಿನ ಸೀಟಿನ ಪಕ್ಕದಲ್ಲಿ ಗಾಳಿ ಒಳಗೆ ಹೋಗುವ ಒಂದು ಜಾಲರಿ ಇದೆ. ಅದರ ಹಿಂದೆ ಬ್ಯಾಟರಿ ತಂಪು ಮಾಡುವ ಫ್ಯಾನ್. ಮೂರನೇ ರಿಪೇರಿಯ ದಿನ ನಾನು ಅದನ್ನು ಬಿಚ್ಚಿದೆ. ಬೂದುಬಣ್ಣದ ಕಂಬಳಿ ಹೊದ್ದು ಮಲಗಿತ್ತು. ಅಷ್ಟು ಧೂಳು, ಕೂದಲು, ದಾರದ ಎಳೆ. ನಾನು ತಂದು ಸೇರಿಸಿದ ಮಾಡ್ಯೂಲ್‌ಗಳನ್ನೂ ಆ ಒಲೆಯಲ್ಲೇ ಬೇಯಿಸಿದ್ದೆ. ಹೊಸ ಪ್ಯಾಕ್ ಹಾಕಿ ಈ ಫ್ಯಾನ್ ತೊಳೆಯದಿದ್ದರೆ ಹೊಸದಕ್ಕೂ ಅದೇ ಗತಿ.

ಮಾಡ್ಯೂಲ್‌ಗಳನ್ನು ಕೂಡಿಸುವ ತಾಮ್ರದ ಪಟ್ಟಿಗಳನ್ನೂ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ, ವೋಲ್ಟೇಜ್ ಅಳೆಯುವ ಸಣ್ಣ ತಂತಿ ಸವೆದಿದ್ದರೆ ಚೆನ್ನಾಗಿರುವ ಬ್ಯಾಟರಿಯನ್ನೂ ಕಾರು ಕೆಟ್ಟಿದೆ ಅನ್ನುತ್ತದೆ. ಇನ್ನು ಡಿಕ್ಕಿಯ ಮೂಲೆಯಲ್ಲಿರುವ ಪುಟ್ಟ 12 ವೋಲ್ಟ್ ಬ್ಯಾಟರಿ. ಕಂಪ್ಯೂಟರ್‌ಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯನ್ನು ಕಾರಿಗೆ ಕೂಡಿಸುವ ಸ್ವಿಚ್ಚು, ಅಂದರೆ ರಿಲೇ, ಮುಚ್ಚುವುದು ಎಲ್ಲ ಇದೇ. ಇದು ಸೊರಗಿದರೆ ಡ್ಯಾಶ್‌ಬೋರ್ಡಿನಲ್ಲಿ ಇರುವ ಬರುವ ದೀಪವೆಲ್ಲ ಹೊತ್ತುತ್ತದೆ. ಗಾಬರಿಯಾಗಿ ಕಾರು ಮಾರಿದವರ ಕಥೆ ಕೇಳಿದ್ದೇನೆ. ಹೊಸದು ಹಾಕುವಾಗ ಒಳಾಂಗಣಕ್ಕೆ ಹೊಂದುವ, ಗಾಳಿ ಹೊರಬಿಡುವ ಕೊಳವೆ ಇರುವ, ಆಮ್ಲ ಚೆಲ್ಲದ ಎಜಿಎಂ ಬಗೆಯದ್ದೇ ಆಗಬೇಕು.

ಇನ್ನು ಜೊತೆಗಾರನ ಮಾತಿಗೂ ನ್ಯಾಯ ಕೊಡಬೇಕಲ್ವಾ? ಬ್ಯಾಟರಿ ಹೋಗಿದೆ ಅಂತ ಕಾರು ಎಸೆಯುವುದು ದಡ್ಡತನ. ಎಂಜಿನ್ ಕೆಡುತ್ತಿರುವ ಕಾರಿಗೆ ಹೊಸ ಬ್ಯಾಟರಿ ಹಾಕುವುದು ಅದಕ್ಕಿಂತ ದೊಡ್ಡ ದಡ್ಡತನ. ಮೂರನೇ ತಲೆಮಾರಿನ ಪ್ರಿಯಸ್ ಇಟ್ಟುಕೊಂಡವರು ಮೊದಲು ಎಂಜಿನ್ನಿನೊಳಗೆ ಕೂಲೆಂಟ್ ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟ್, ಹೊಗೆಯನ್ನು ಎಂಜಿನ್ನಿಗೇ ತಿರುಗಿಸುವ ಮಸಿ ಕಟ್ಟಿದ ಇಜಿಆರ್ ದಾರಿ, ಬ್ರೇಕಿನ ಒತ್ತಡ ನಿಭಾಯಿಸುವ ಆಕ್ಚುಯೇಟರ್ ತೋರಿಸಿಕೊಳ್ಳಲಿ. ಬೆಳಿಗ್ಗೆ ಶುರು ಮಾಡಿದ ಕೂಡಲೇ ಕಾರು ಗಡಗಡ ನಡುಗುತ್ತಾ, ಕೂಲೆಂಟ್ ಕಾರಣವಿಲ್ಲದೆ ಇಳಿಯುತ್ತಾ ಇದ್ದರೆ ಬ್ಯಾಟರಿಯ ಮಾತು ಆಮೇಲೆ.

ನನ್ನ ಎಂಜಿನ್ ಚೆನ್ನಾಗಿತ್ತು. ಇನ್ನೂ ನಾಲ್ಕೈದು ವರ್ಷ ಓಡಿಸುವ ಮನಸ್ಸಿತ್ತು. ಅದಕ್ಕೇ 28ಕ್ಕೆ 28 ಹೊಸ ನಿಕಲ್ ಮಾಡ್ಯೂಲ್, ಒಂದೇ ಕಂತಿನಲ್ಲಿ ತಯಾರಾದವು, ಹೊಸ ಪಟ್ಟಿಗಳ ಜೊತೆ ತರಿಸಿದೆ. ವರ್ಷದೊಳಗೆ ಮಾರುವ ಯೋಚನೆ ಇದ್ದಿದ್ದರೆ ಅಳೆದು ಜೋಡಿಸಿದ ಹಳೇ ಪ್ಯಾಕ್ ಹಾಕಿಸಿ, ಕೊಳ್ಳುವವರಿಗೆ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದೆ.

ಹಾಕುವಾಗ ಮೊದಲು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಎಳೆದು ಜೇಬಿಗೆ ಹಾಕಿಕೊಂಡೆ. ಹತ್ತು ನಿಮಿಷ ಕಾದೆ, ಮೋಟಾರಿಗೆ ಕರೆಂಟ್ ಹೊಂದಿಸಿ ಕೊಡುವ ಇನ್ವರ್ಟರಿನಲ್ಲಿ ಚಾರ್ಜ್ ಹಿಡಿದಿಟ್ಟ ಕೆಪಾಸಿಟರ್‌ಗಳು ಬರಿದಾಗಲಿ ಅಂತ. 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಹಾಕಿದೆ. ಪ್ಲಗ್ ತೆಗೆದ ಮೇಲೂ ಮಾಡ್ಯೂಲ್‌ಗಳ ಸಾಲಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಇರುತ್ತದೆ. ಉಂಗುರ, ವಾಚು ಬಿಚ್ಚಿಟ್ಟೆ. ಇದರಲ್ಲಿ ಅನುಭವ ಇಲ್ಲದವರು ಖಂಡಿತ ಕೈ ಹಾಕಬೇಡಿ, ತಿಳಿದವರಿಗೆ ಕೊಡಿ. ಪಟ್ಟಿಯ ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ ಬರೀ 5.4 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಬೇಕು. ನಮ್ಮ ಕೈ ಸುಮ್ನೆ ಇರಲ್ಲ, ಇನ್ನೊಂದು ಸುತ್ತು ಅನ್ನುತ್ತದೆ. ಆ ಇನ್ನೊಂದು ಸುತ್ತಿಗೆ ಮಾಡ್ಯೂಲಿನ ತಲೆ ಮುರಿಯುತ್ತದೆ.

ಹಳೇ ಪ್ಯಾಕನ್ನು ಮಾರಿದವರೇ ವಾಪಸ್ ತೆಗೆದುಕೊಂಡರು. ನಿಕಲ್, ಕೋಬಾಲ್ಟ್, ಲ್ಯಾಂಥನಮ್‌ನಂಥ ಲೋಹಗಳು ಅದರಲ್ಲಿ ಇರುತ್ತವೆ, ಮರುಬಳಕೆಗೆ ಹೋಗುತ್ತವೆ.

ಸಂಜೆ ಅಣ್ಣನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಎತ್ತು ಕೋಣದ ಮಾತಿಗೆ ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಇಪ್ಪತ್ತೆಂಟೂ ಕೊಟ್ಬಿಟ್ಯಾ?"

"ಕೊಟ್ಟೆ ಅಣ್ಣ."

"ಒಂದೂ ಇಟ್ಕೊಂಡಿಲ್ವಾ?"

ಹೋದ ವರ್ಷ ತೇಪೆ ಹಾಕಲು ತಂದವುಗಳಲ್ಲಿ ಬಳಸದೆ ಉಳಿದ ಎರಡು ಗ್ಯಾರೇಜಿನ ಕಪಾಟಿನಲ್ಲಿವೆ. ಅದನ್ನು ಹೇಳಿದ ಮೇಲೆ ಅವನಿಗೆ ಸಮಾಧಾನ ಆಯಿತು.